ಹದಿನೆಂಟನೇ ಗಂಟು

ಇದು ಸುಳ್ಳು ಅನ್ನುವವರು ಈಗಲೇ ಅಂದುಬಿಡಿ. ನಡುವೆ ಕೆಮ್ಮಬೇಡಿ, ಪಕ್ಕದವನನ್ನು ಮೊಣಕೈಯಿಂದ ತಿವಿಯಬೇಡಿ. ನಂಬದೆ ಇರುವ ತಾಕತ್ತಿದ್ದರೆ ಕೊನೆಯ ತನಕ ನಂಬದೆ ಕೂತು ತೋರಿಸಿ. ಇಪ್ಪತ್ತು ಮಾರು ನೀರಿನ ಕೆಳಗೆ ಹೋಗಿ ಅಂಗೈಯಲ್ಲಿ ತಳ ಮುಟ್ಟಿ ಬಂದವನು ನಾನು. ನಿಮ್ಮ ಅನುಮಾನ ನನಗೆ ಮೊಣಕಾಲುದ್ದದ ನೀರು, ನಡೆದುಕೊಂಡೇ ದಾಟುತ್ತೇನೆ.

ನಮ್ಮ ಹಳ್ಳಿಯಲ್ಲಿ ಹನ್ನೊಂದು ಬಾವಿ. ಹನ್ನೊಂದರಲ್ಲೂ ಬಿದ್ದ ಕೊಡ, ತಂಬಿಗೆ, ಮೂಗುತಿ, ಎಲ್ಲವನ್ನೂ ಮೇಲೆ ತಂದವನು ನಾನೇ. ಒಂದು ಸಲ ಒಂದು ಹೋತವನ್ನೂ ತಂದೆ. ಹೋತ ಬದುಕಿತ್ತು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಹನ್ನೊಂದು ಬಾವಿಯೂ ನನಗೆ ಸಾಲದಾದವು. ಕಾಲು ಚಾಚಿದರೆ ತಳ ಸಿಗುವ ಊರಿನಲ್ಲಿ ನನ್ನಂಥವನಿಗೆ ಏನು ಕೆಲಸ? ಪಂಚೆ ಎತ್ತಿ ಕಟ್ಟಿ ಹೊರಟೆ. ಎಷ್ಟು ದಿನ ನಡೆದೆನೋ ಗೊತ್ತಿಲ್ಲ, ಒಂದು ಊರು ಸಿಕ್ಕಿತು.

ಆ ಊರಿಗೆ ಒಂದೇ ಬಾವಿ. ಮನೆಗಳೆಲ್ಲ ಬಾವಿಯ ಕಡೆ ಬಾಗಿಲು ಮಾಡಿಕೊಂಡು ಸುತ್ತು ಸುತ್ತಾಗಿ ನಿಂತಿದ್ದವು. ಬೀದಿಗಳೆಲ್ಲ ಬಾವಿಗೇ ಬಂದು ಮುಗಿಯುತ್ತಿದ್ದವು. ವರ್ಷಕ್ಕೆ ಒಂದು ದಿನ, ನೀರು ಅಲುಗದೆ ನಿಂತ ಕಾಲದಲ್ಲಿ, ಆ ಊರಿನ ಮುಳುಗುವವನು ಒಂದು ಕಲ್ಲನ್ನು ಎದೆಗವಚಿಕೊಂಡು ಬಾವಿಗೆ ಇಳಿಯುತ್ತಾನೆ. ಒಂದು ಕೈಯಲ್ಲಿ ಹಗ್ಗ ಹಿಡಿದಿರುತ್ತಾನೆ. ಹಗ್ಗಕ್ಕೆ ಮಾರಿಗೊಂದು ಗಂಟು. ಮೇಲೆ ನಿಂತ ಹಗ್ಗದವನು ಗಂಟುಗಳನ್ನು ಅಂಗೈಯ ಮೇಲೆ ಹಾಯಿಸುತ್ತಾ ಒಂದು, ಎರಡು, ಮೂರು ಎಂದು ಕೂಗುತ್ತಾನೆ. ಇಪ್ಪತ್ತನೇ ಗಂಟಿಗೆ ತಳ. ಮುಳುಗುವವನು ತಳದ ಜೇಡಿ ಒಂದು ಹಿಡಿ ತಂದು ಕಟ್ಟೆಯ ಮೇಲೆ ಇಡುತ್ತಾನೆ. ಆಮೇಲೆ ಊರು ನೀರು ಸೇದುತ್ತದೆ. ಆಮೇಲೆ ಊರು ಕೂತು ನೀರು ಕುಡಿಯುತ್ತದೆ. ತಳ ಮುಟ್ಟದ ವರ್ಷದ ನೀರನ್ನು ಆ ಊರಿನವರು ನಿಂತುಕೊಂಡು ಕುಡಿಯುತ್ತಾರೆ, ದಾರಿಹೋಕರ ಹಾಗೆ.

ಆ ಊರಿಗೆ ಇನ್ನೂ ಒಂದು ಕಟ್ಟಳೆ ಇತ್ತು. ಒಬ್ಬನ ಬಗ್ಗೆ ಕೆಟ್ಟದ್ದನ್ನು ಯಾರು ನಂಬುತ್ತಾರೋ ಅವರು ಅವನಿಗೆ ಬೆನ್ನು ತಿರುಗಿಸಬೇಕು. ಎದುರು ನಕ್ಕು ಒಳಗೆ ನಂಬುವ ಹಾಗಿಲ್ಲ. ಗಂಜಿ ಬಡಿಸಬಹುದು, ಬಟ್ಟೆ ಹೊಲಿದು ಕೊಡಬಹುದು, ಕರೆದರೆ ಓ ಅನ್ನಬಹುದು. ಮುಖ ಮಾತ್ರ ತೋರಿಸುವಂತಿಲ್ಲ. ಬೆನ್ನು ತಿರುಗಿದ ಮೇಲೆ, ನಂಬಿದ್ದು ಸುಳ್ಳೆಂದು ತಿಳಿಯುವ ತನಕ, ಬೆನ್ನೇ.

ಒಳ್ಳೆಯ ಕಟ್ಟಳೆ ಎಂದುಕೊಂಡೆ. ನನ್ನ ಬಗ್ಗೆ ಕೆಟ್ಟದ್ದು ಏನಿರಲು ಸಾಧ್ಯ?

ನಾನು ಹೋದಾಗ ಆ ಊರಿನ ಮುಳುಗುವವನು ಸತ್ತು ಆರು ತಿಂಗಳಾಗಿತ್ತು. ಮುಳುಗುವ ದಿನಕ್ಕೆ ಒಂದು ತಿಂಗಳಿತ್ತು. ನಾನು ಇಳಿಯುತ್ತೇನೆ ಎಂದೆ. ಸರಿ, ಇರಪ್ಪ ಎಂದರು. ಆ ಒಂದು ತಿಂಗಳು ದಿನಾ ಬೆಳಿಗ್ಗೆ ನಾನು ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತು ಮಾತಾಡಿದೆ. ನೀರಿನ ಮೇಲೆ ಬಿದ್ದ ಮಾತು ನಾಲ್ಕು ಪಟ್ಟು ದೊಡ್ಡದಾಗಿ ಮೇಲೆ ಬರುತ್ತಿತ್ತು. ಊರೆಲ್ಲ ಕೇಳುತ್ತಿತ್ತು. ಹನ್ನೊಂದು ಬಾವಿಯ ಕತೆ ಹೇಳಿದೆ. ಹೋತದ ಕತೆ ಹೇಳಿದೆ. ನಿಮ್ಮ ಹಳೆಯ ಮುಳುಗುವವನು ಹಗ್ಗ ಹಿಡಿದು ಇಳಿಯುತ್ತಿದ್ದನಂತೆ, ಹಗ್ಗ ಹಿಡಿದು ಇಳಿಯುವುದಕ್ಕೆ ಒಂದು ಕೊಡ ಸಾಕು, ಮನುಷ್ಯ ಯಾಕೆ ಬೇಕು ಎಂದೆ. ಹೇಳುತ್ತಾ ಕೆಳಗೆ ನೋಡುತ್ತಿದ್ದೆ. ನೀರಿನಲ್ಲಿ ನನ್ನ ಮುಖ ಇತ್ತು. ಒಳ್ಳೆಯ ಮುಖ. ಅದನ್ನು ನೋಡುತ್ತಾ ಮಾತಾಡಿದರೆ ಮಾತು ತಾನಾಗಿ ಬರುತ್ತಿತ್ತು.

ಮುಳುಗುವ ದಿನ ಬಂತು. ಕಲ್ಲು ಅವಚಿಕೊಂಡು ಇಳಿದೆ. ಒಂದು, ಎರಡು ಎಂದು ಹಗ್ಗದವನು ಕೂಗುವುದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಹದಿನೆಂಟನೇ ಮಾರಿನಲ್ಲಿ ಬಾವಿಯ ಗೋಡೆಗೆ ಒಂದು ಕಲ್ಲಿನ ಅಂಚು ಇದೆ. ಅದರ ಮೇಲೆ ಹೂಳು ಕೂತಿರುತ್ತದೆ. ಅಲ್ಲಿ ನನ್ನ ಕಾಲು ತಗುಲಿತು. ಅಲ್ಲೇ ನನಗೆ ಆ ಯೋಚನೆ ಬಂತು. ಹಗ್ಗ ಹಿಡಿದು ಯಾರು ಬೇಕಾದರೂ ತಳ ಮುಟ್ಟುತ್ತಾರೆ. ನಾನು ಹಗ್ಗ ಬಿಟ್ಟೆ.

ಉಳಿದ ಎರಡು ಮಾರು ಒಬ್ಬನೇ ಇಳಿದೆ. ತಳ ತಣ್ಣಗಿತ್ತು, ನುಣ್ಣಗಿತ್ತು. ಅಂಗೈ ಊರಿ ನಿಂತೆ. ಅಷ್ಟು ದೊಡ್ಡ ಕೆಲಸ ಮಾಡಿದ್ದೇನೆ, ನೋಡುವವರು ಒಬ್ಬರೂ ಇಲ್ಲ. ಒಂದು ಮೀನಾದರೂ ಇದ್ದರೆ ಅದಕ್ಕೆ ಹೇಳುತ್ತಿದ್ದೆ. ಒಂದು ಹಿಡಿ ಜೇಡಿ ತೆಗೆದುಕೊಂಡು ಕಾಲು ಒದ್ದು ಮೇಲೆದ್ದೆ. ಅಂಚಿನ ಹತ್ತಿರ ಹಗ್ಗ ಕೈಗೆ ಸಿಕ್ಕಿತು, ಹಿಡಿದು ಬಂದೆ. ಜೇಡಿ ಕಟ್ಟೆಯ ಮೇಲಿಟ್ಟು ಉಸಿರು ಎಳೆದುಕೊಂಡೆ. ಉಸಿರು ಸರಿಯಾದ ಮೇಲೆ, ಎಲ್ಲರ ಎದುರು, ನಿಧಾನವಾಗಿ, ಹಗ್ಗ ಬಿಟ್ಟು ಮುಟ್ಟಿದೆ ಎಂದು ಹೇಳಬೇಕೆಂದಿದ್ದೆ. ಆ ಮಾತಿಗೆ ಒಳ್ಳೆಯ ಉಸಿರು ಬೇಕಾಗಿತ್ತು.

ನನಗಿಂತ ಮೊದಲು ಹಗ್ಗದವನು ಮಾತಾಡಿದ. ಹಗ್ಗವನ್ನು ಎತ್ತಿ ಹಿಡಿದ.

"ಹದಿನೆಂಟನೇ ಗಂಟಿನ ತನಕ ಒದ್ದೆ. ಹತ್ತೊಂಬತ್ತು, ಇಪ್ಪತ್ತು ನೆನೆದೇ ಇಲ್ಲ. ಇವನು ತಳ ಮುಟ್ಟಲಿಲ್ಲ. ತಂದಿರೋದು ಅಂಚಿನ ಹೂಳು."

ಕೊಡ ಹಿಡಿದು ನಿಂತ ಹೆಂಗಸರು ಕೇಳಿದರು. ಕಟ್ಟೆಯ ಸುತ್ತ ನಿಂತ ಗಂಡಸರು ಕೇಳಿದರು. ಅವರು ಬೀದಿಗಳಿಗೆ ಹೋಗಿ ಹೇಳಿದರು. ನಾನು ಹಗ್ಗ ಬಿಟ್ಟೆ ಕಣ್ರೋ, ಬಿಟ್ಟು ಇಳಿದೆ ಎಂದು ಕೂಗಿದೆ. ಮೊದಲು ಹೇಳಿದ್ದರೆ ಅದು ಸಾಹಸವಾಗುತ್ತಿತ್ತು. ಎರಡನೆಯದಾಗಿ ಬಂದದ್ದರಿಂದ ನೆವವಾಯಿತು.

ಆ ದಿನ ನಾನು ಬಾವಿಯಿಂದ ಕಣ್ಣೆತ್ತಿ ಊರನ್ನು ನೋಡಿದೆ. ಮುನ್ನೂರು ಬೆನ್ನು.

ಬೆವರಿನಿಂದ ಅಂಗಿ ಅಂಟಿದ ಬೆನ್ನು. ಜಡೆ ಇಳಿಬಿದ್ದ ಬೆನ್ನು. ಗೂನುಬೆನ್ನು. ಮೂಟೆ ಹೊತ್ತು ಹೊತ್ತು ನಡುವೆ ತಗ್ಗಾದ ಬೆನ್ನು. ಸಂಜೆ ಮನೆಮನೆಯ ಮುಂದೆ ಜನ ಚೊಂಬು ಹಿಡಿದು ನೀರು ಕುಡಿಯುತ್ತಿದ್ದರು. ಎಲ್ಲರೂ ನಿಂತಿದ್ದರು. ಎಲ್ಲರೂ ಗೋಡೆಯ ಕಡೆ ತಿರುಗಿದ್ದರು.

ಒಬ್ಬನ ಬಾಯಿ, ಒಂದು ಮಾತು, ಮುನ್ನೂರು ಮುಖ ಹೋಯಿತು. ಬಿಡುತ್ತೇನೆಯೇ? ನನ್ನ ಹೆಸರು ಬಿಟ್ಟರೆ ನನ್ನ ಹತ್ತಿರ ಬೇರೆ ಏನಿತ್ತು? ಮೈಮೇಲಿನ ಪಂಚೆಯೂ ಒದ್ದೆ.

ಆ ಊರಿನಲ್ಲಿ ಕಳೆದುಹೋದ ಮಾನವನ್ನು ಕೇಳುವ ಜಾಗ ಒಂದಿದೆ. ಅಲ್ಲಿ ಆಲಿಸುವವಳು ಕೂರುತ್ತಾಳೆ. ಊರಿಗೆಲ್ಲ ಅಜ್ಜಿ. ಅವಳು ಯಾರಿಗೂ ಬೆನ್ನು ತಿರುಗಿಸುವಂತಿಲ್ಲ, ಯಾರಿಗೂ ಮುಖ ಕೊಡುವಂತಿಲ್ಲ. ಆದ್ದರಿಂದ ಪಕ್ಕಕ್ಕೆ ತಿರುಗಿ ಕೂತಿರುತ್ತಾಳೆ. ಹೋದವನಿಗೆ ಕಾಣುವುದು ಒಂದು ಕಿವಿ, ಹಣ್ಣೆಲೆಯ ಹಾಗೆ ಸುಕ್ಕಾದದ್ದು. ಅವಳ ಮುಂದೆ ನಿಂತವನು ತನ್ನ ಬಗ್ಗೆ ಯಾರು ಏನು ಅಂದರೋ ಅದನ್ನು ತಾನೇ ಹೇಳಬೇಕು, ಅದೇ ಮಾತಿನಲ್ಲಿ, ಒಂದಕ್ಷರ ಸೇರಿಸದೆ. ಊರು ಸುತ್ತ ನಿಂತು ಕೇಳುತ್ತದೆ.

"ಏನು ತಂದಿದ್ದೀಯ?" ಎಂದಳು.

"ಮಾತು ತಂದಿದ್ದೀನಿ ಅಜ್ಜಿ. ಒಂದು ರಾಶಿ ಇದೆ."

"ಒಂದೊಂದಾಗಿ ಇಡು. ನಿನ್ನ ಕಡೆಗಿರೋದು ಒಂದೇ ಕಿವಿ."

ನಾನು ಎಲ್ಲವನ್ನೂ ಒಯ್ದಿದ್ದೆ. ಬಿಡುವವನೇ ಅಲ್ಲ ನಾನು. ಮೊದಲನೆಯದನ್ನು ಇಟ್ಟೆ. "ದಿನಾ ನನಗೆ ಗಂಜಿ ಹಾಕೋ ಗಂಜಿಯವಳು ನನ್ನನ್ನ ಜಂಬದ ಕೋಳಿ ಅಂದಳು."

"ನೀನು ಕೋಳಿಯಾ?"

"ಅಲ್ಲ."

"ಅವಳ ಮಾತು ನಂಬಿ ಯಾರಾದರೂ ನಿನಗೆ ಕಾಳು ಹಾಕಿದರಾ? ರಾತ್ರಿ ಬುಟ್ಟಿ ಕವುಚಿದರಾ?"

ಸುತ್ತ ನಿಂತ ಬೆನ್ನುಗಳು ಕುಲುಕಿದವು. ಬೆನ್ನು ನಗುವುದನ್ನು ನೀವು ನೋಡಿಲ್ಲ. ಮುಖ ನಗುವುದಕ್ಕಿಂತ ಕೆಟ್ಟದ್ದು ಅದು.

"ಬೈಗುಳ ಅದು ಮಗಾ. ಅದರಲ್ಲಿ ನಿಜವೂ ಇಲ್ಲ, ಸುಳ್ಳೂ ಇಲ್ಲ. ಅವಳಿಗೆ ನಿನ್ನ ಮೇಲೆ ಸಿಟ್ಟು ಅಂತ ಮಾತ್ರ ಅದರಿಂದ ಗೊತ್ತಾಗುತ್ತೆ. ಎತ್ತಿಕೋ. ಮುಂದಿನದು."

"ಬಡಗಿ ಅಂದ, ಹೊರಗಿನಿಂದ ಬಂದ ಮುಳುಗುವವರೆಲ್ಲ ಕಳ್ಳರು ಅಂತ."

"ಈ ಊರು ಹುಟ್ಟಿದಾಗಿನಿಂದ ಹೊರಗಿನವರು ಎಷ್ಟು ಜನ ಬಂದಿರಬಹುದು?"

"ನೂರು ಅಂತಾರೆ."

"ನಿನ್ನ ಕಡೆ ಬೆರಳು ತೋರಿಸಿ ಅಂದನಾ? ಕೇಳಿದವರು ಇದು ಇವನೇ ಅಂದುಕೊಳ್ಳೋ ಹಾಗೆ ಏನಾದರೂ ಸೇರಿಸಿದನಾ?"

"ಇಲ್ಲ."

"ನೂರು ಜನರ ಮೇಲೆ ಒಂದು ಚೊಂಬು ನೀರು ಎರಚಿದರೆ ಯಾರು ಒದ್ದೆ ಆಗ್ತಾರೆ? ಎತ್ತಿಕೋ."

ಮೂರನೆಯದನ್ನು ಇಟ್ಟೆ. ಇದಕ್ಕೆ ಅವಳ ಕಿವಿ ನಿಮಿರುತ್ತದೆ ಎಂದುಕೊಂಡಿದ್ದೆ. "ಮುಳುಗುವ ಹಿಂದಿನ ದಿನ ಹಗ್ಗದವನು ಬಾವಿಕಟ್ಟೆ ಹತ್ತಿರ ನನಗೆ ಹೇಳಿದ, ನಿನಗೆ ನೀರು ಕಂಡರೆ ಭಯ, ಅದಕ್ಕೇ ಇಷ್ಟು ಕೂಗ್ತೀಯ ಅಂತ."

"ಭಯ ಇತ್ತಾ?"

"ನನಗಾ? ಇಲ್ಲ."

"ಹಾಗಾದರೆ ಸುಳ್ಳು ಹೇಳಿದ. ಇನ್ಯಾರು ಕೇಳಿದರು?"

"ನಾವಿಬ್ಬರೇ ಇದ್ದದ್ದು."

"ನೋವಾಯಿತಾ?"

ಇಲ್ಲ ಎನ್ನಬೇಕೆಂದಿದ್ದೆ. "ಆಯಿತು" ಎಂದೆ.

"ನೋವು ನಿನ್ನ ಹತ್ತಿರ ಇರುತ್ತೆ. ಮಾನ ನಿನ್ನ ಹತ್ತಿರ ಇರೋದಿಲ್ಲ ಮಗಾ. ಅದನ್ನ ನಾವೆಲ್ಲ ಬೇರೆಯವರ ಮನೆಯಲ್ಲಿ ಇಟ್ಟಿರ್ತೀವಿ. ಅಲ್ಲಿಗೆ ಹೋಗದ ಮಾತು ಅದನ್ನ ಮುಟ್ಟಲ್ಲ. ಎತ್ತಿಕೋ. ಇನ್ನೇನಿದೆ?"

ಇನ್ನೊಂದಿತ್ತು. ಅದನ್ನು ಮೂರು ಸಲ ಹೇಳಬೇಕು ಎಂದಳು, ದೊಡ್ಡದಾಗಿ, ಹಗ್ಗದವನು ಹೇಳಿದ ಧಾಟಿಯಲ್ಲೇ. ಕುಂಬಾರರ ಬೀದಿಯವರು ಆ ದಿನ ಊರಲ್ಲಿರಲಿಲ್ಲ, ಮಡಕೆಯ ಮಣ್ಣು ತರಲು ಹೋಗಿದ್ದರು. ಅವರಿನ್ನೂ ಆ ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ. ಈಗ ನನ್ನ ಬಾಯಿಂದ ಕೇಳುತ್ತಾರೆ.

"ಬೇಡ ಅಂದರೆ ಈಗಲೇ ಹೋಗಬಹುದು. ಹೇಳದೆ ಹೋದರೆ ಮಾತು ಇಷ್ಟರಲ್ಲೇ ಉಳಿಯುತ್ತೆ."

ನಾನು ಎದೆ ಮುಂದೆ ಮಾಡಿ ನಿಂತೆ. ಇವನು ತಳ ಮುಟ್ಟಲಿಲ್ಲ, ತಂದಿರೋದು ಅಂಚಿನ ಹೂಳು. ಇವನು ತಳ ಮುಟ್ಟಲಿಲ್ಲ, ತಂದಿರೋದು ಅಂಚಿನ ಹೂಳು. ಮೂರನೇ ಸಲ ಹೇಳುವಾಗ ನನ್ನ ದನಿ ನನಗೇ ನಂಬುವ ಹಾಗಿತ್ತು. ನನ್ನ ದನಿ ಅಷ್ಟು ಚೆನ್ನಾಗಿದೆ, ಅದು ನನ್ನ ತಪ್ಪಲ್ಲ.

ಕಿವಿ ಅಲುಗಿತು. "ಹಾಂ. ಇದು ಬೈಗುಳ ಅಲ್ಲ. ಇದು ಒಂದೋ ಆಗಿದೆ, ಇಲ್ಲ ಆಗಿಲ್ಲ. ಬೆರಳು ನಿನ್ನ ಕಡೆಗೇ ಇದೆ. ಊರು ಕೇಳಿದೆ. ಮುಳುಗುವವನು ತಳ ಮುಟ್ಟಲಿಲ್ಲ ಅಂದರೆ ಅವನು ಯಾವ ಕೆಲಸಕ್ಕೆ? ಹಗ್ಗದವನೇ, ಬಾ. ಅಂದೆಯಾ?"

ಹಗ್ಗದವನು ಬಂದು ನನಗೆ ಬೆನ್ನು ಹಾಕಿ ನಿಂತ. ಅಗಲವಾದ ಬೆನ್ನು. "ಅಂದೆ. ಹಗ್ಗ ಎಣಿಸೋದು ನನ್ನ ಕೆಲಸ ಅಜ್ಜಿ. ಎಣಿಸಿದ್ದನ್ನ ಊರಿಗೆ ಹೇಳೋದೂ ನನ್ನ ಕೆಲಸ. ಮೂವತ್ತು ವರ್ಷದಿಂದ ಹೇಳಿದ್ದೀನಿ. ಹದಿನೆಂಟಕ್ಕೆ ಹಗ್ಗ ನಿಂತಿತು. ಸುಮ್ಮನಿರಬೇಕಿತ್ತಾ?"

"ಸುಮ್ಮನಿರಬೇಕಾಗಿರಲಿಲ್ಲ. ಹಗ್ಗ ಹದಿನೆಂಟಕ್ಕೆ ನಿಂತಿತು ಅಂತ ಹೇಳಬೇಕಾಗಿತ್ತು. ಅದು ನೀನು ಕಂಡದ್ದು. ಹೇಳಿದ್ದರೆ ಇವನನ್ನ ಈಗಲೇ ಹೊರಗೆ ಕಳಿಸ್ತಿದ್ದೆ. ಆದರೆ ನೀನು ಇವನು ತಳ ಮುಟ್ಟಲಿಲ್ಲ ಅಂದೆ. ತಳದಲ್ಲಿ ನೀನಿದ್ದೆಯಾ?"

"ಹಗ್ಗ ಇಲ್ಲದೆ ಯಾರು ಅಜ್ಜಿ ಇಳೀತಾರೆ?"

"ಅದು ನಿನ್ನ ಊಹೆ. ಊಹೆಯನ್ನ ಕಂಡದ್ದರ ಹಾಗೆ ಹೇಳಿದೆ. ನಿಜವಾದರೆ ನಿನಗೆ ಏನೂ ಆಗಲ್ಲ, ನಿಜ ಹೇಳಿದವನನ್ನ ಈ ಕಿವಿ ಹಿಡಿದದ್ದಿಲ್ಲ. ಸುಳ್ಳಾದರೆ ಅದು ನಿನ್ನದು."

ನಿಜವೋ ಸುಳ್ಳೋ ತಿಳಿಯಲು ಒಂದೇ ದಾರಿ ಇತ್ತು. ಅಂಚಿನ ಹೂಳು ಒಣಗಿದರೆ ಬಿರಿಯುತ್ತದೆ. ತಳದ ಜೇಡಿ ಎಷ್ಟು ಒಣಗಿದರೂ ಬಿರಿಯುವುದಿಲ್ಲ. ಕಟ್ಟೆಯ ಮೇಲೆ ನಾನಿಟ್ಟ ಮುದ್ದೆ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆಲಿಸುವವಳು ಅದರ ಮೇಲೆ ಒಂದು ಬುಟ್ಟಿ ಕವುಚಿಸಿ, ಬುಟ್ಟಿಯ ಮೇಲೆ ಕಲ್ಲು ಇಡಿಸಿದಳು. ಇಪ್ಪತ್ತೊಂದು ದಿನ ಎಂದಳು.

"ಬಿರಿಯದಿದ್ದರೆ?" ಎಂದೆ.

"ಅವನ ಮಾತು ನಿನ್ನಿಂದ ಏನು ಕಿತ್ತುಕೊಂಡಿತೋ ಅದನ್ನ ವಾಪಸು ಕೊಡಿಸ್ತೀನಿ."

"ಇಡೀ ಊರಿನ ಮುಖ ಕಿತ್ತುಕೊಂಡಿದೆ. ಒಂದೂ ಬಿಡದೆ ಬೇಕು."

"ಬಿರಿದರೆ?" ಎಂದಳು ಅವಳು.

ಬಿರಿದರೆ ಆ ಊರಿನಲ್ಲಿ ನನಗೆ ಹಗ್ಗ ಹಿಡಿಯುವವರೂ ಇರುವುದಿಲ್ಲ, ಹಳ್ಳಿಗೆ ಹಿಂದಿರುಗಿ ಹೇಳುವ ಕತೆಯೂ ಇರುವುದಿಲ್ಲ.

ಇಪ್ಪತ್ತೊಂದು ದಿನ ಬೆನ್ನುಗಳ ನಡುವೆ ಇದ್ದೆ. ಮೊದಮೊದಲು ತಮಾಷೆ ಎನ್ನಿಸಿತು. ನಾಲಿಗೆ ಚಾಚಿ ತೋರಿಸಿದೆ, ಯಾರೂ ನೋಡಲಿಲ್ಲ. ಗಂಜಿಯವಳು ಬಟ್ಟಲನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಚಾಚುತ್ತಿದ್ದಳು. ಬಟ್ಟಲು ಎಲ್ಲಿದೆ ಎಂದು ನಾನೇ ಹುಡುಕಿಕೊಳ್ಳಬೇಕು. ಒಂದು ದಿನ ಗಂಜಿ ಬಿಸಿಯಿತ್ತು, ಬೆರಳು ಸುಟ್ಟಿತು. ಅವಳಿಗೆ ಗೊತ್ತಾಗಲಿಲ್ಲ. ಅಯ್ಯೋ ಎಂದೆ. "ಏನಾಯಿತು?" ಎಂದಳು ಗೋಡೆಗೆ. "ಏನಿಲ್ಲ" ಎಂದೆ ಬೆನ್ನಿಗೆ.

ಹತ್ತನೇ ದಿನದ ಹೊತ್ತಿಗೆ ಬೆನ್ನಿನಿಂದಲೇ ಎಲ್ಲರನ್ನೂ ಗುರುತಿಸಬಲ್ಲವನಾದೆ. ಬೇಕಾದರೆ ಪಂಥ ಕಟ್ಟಿ, ಜಗತ್ತಿನಲ್ಲಿ ಬೆನ್ನು ಓದುವವನು ನನಗಿಂತ ಇನ್ನೊಬ್ಬನಿಲ್ಲ. ಅಗಸನ ಬೆನ್ನು ಎಡಕ್ಕೆ ವಾಲುತ್ತದೆ. ಹೊಸದಾಗಿ ಮದುವೆಯಾದವಳ ಬೆನ್ನು ಯಾರೋ ಕರೆದ ಹಾಗೆ ಆಗಾಗ ನೆಟ್ಟಗಾಗುತ್ತದೆ. ಬಡಗಿಯ ಮನೆಯಲ್ಲಿ ಯಾರಿಗೋ ಕಾಯಿಲೆ, ಅದು ಅವನ ಬೆನ್ನಿನಲ್ಲಿತ್ತು. ಯಾರಿಗೆ ಎಂದು ಕೇಳಬೇಕೆನಿಸಿತು. ಎಂದೂ ಕೇಳಿರದವನು ಈಗ ಹೇಗೆ ಕೇಳಲಿ ಎಂದು ಸುಮ್ಮನಾದೆ.

ಹದಿನೈದನೇ ದಿನ ಮಧ್ಯಾಹ್ನ ಬಾವಿಗೆ ಬಗ್ಗಿ ಮಾತಾಡಿದೆ. ನನ್ನ ಮಾತು ನಾಲ್ಕು ಪಟ್ಟಾಗಿ ಬಂತು. ನೀರಿನಲ್ಲಿ ಒಂದು ಮುಖ ಇತ್ತು, ನನ್ನದು. ಅಷ್ಟು ದೊಡ್ಡ ಊರಿನಲ್ಲಿ ನನ್ನ ಕಡೆಗಿದ್ದ ಮುಖ ಅದೊಂದೇ. ಅದು ನಾನು ಮಾತಾಡಿದಾಗ ಮಾತಾಡಿತು, ನಾನು ಸುಮ್ಮನಾದಾಗ ಸುಮ್ಮನಾಯಿತು. ಅದಕ್ಕೆ ಬೇರೆ ಏನೂ ಬರುತ್ತಿರಲಿಲ್ಲ. ಆಮೇಲೆ ನಾನು ಬಾವಿಗೆ ಬಗ್ಗಲಿಲ್ಲ.

ಸಂಜೆಯ ಹೊತ್ತು ಊರು ನಿಂತು ನೀರು ಕುಡಿಯುತ್ತಿತ್ತು. ಮುನ್ನೂರು ಗಂಟಲು ಗುಟುಕರಿಸುವ ಸದ್ದು. ನಾನೂ ನಿಂತೇ ಕುಡಿದೆ. ತಳ ಮುಟ್ಟಿದವನು ನಾನು, ನನಗೆ ಕೂರುವ ಹಕ್ಕಿತ್ತು. ಒಬ್ಬನೇ ಹೇಗೆ ಕೂರುವುದು?

ಇಪ್ಪತ್ತೊಂದನೇ ದಿನ ಕಲ್ಲು ತೆಗೆದರು, ಬುಟ್ಟಿ ಎತ್ತಿದರು. ಮುದ್ದೆ ಒಣಗಿ ಬೂದುಬಣ್ಣವಾಗಿತ್ತು. ಆಲಿಸುವವಳು ಅದರ ಮೇಲೆ ಬೆರಳು ಎಳೆದಳು, ಉಗುರಿನಿಂದ ತಟ್ಟಿದಳು, ಕಿವಿಯ ಹತ್ತಿರ ಹಿಡಿದಳು. ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

"ತಳದ ಜೇಡಿ" ಎಂದಳು. "ಇವನು ಮುಟ್ಟಿದ್ದಾನೆ. ಹಗ್ಗದವನ ಮಾತು ಸುಳ್ಳು."

ನಾನು ನೆಟ್ಟಗೆ ನಿಂತೆ. ಕೂದಲು ಸರಿ ಮಾಡಿಕೊಂಡೆ. ಈಗ ತಿರುಗುತ್ತಾರೆ, ಒಟ್ಟಿಗೆ, ಮುನ್ನೂರು ಮುಖ, ಗಾಳಿಗೆ ಜೋಳದ ಹೊಲ ತಿರುಗಿದ ಹಾಗೆ. ಅವರಿಗೆ ಮೊದಲು ಏನು ಹೇಳಬೇಕೆಂದು ಇಪ್ಪತ್ತೊಂದು ದಿನ ಯೋಚಿಸಿದ್ದೆ.

ಮುನ್ನೂರು ಜನ ಉಸಿರು ಬಿಟ್ಟರು. ಚೊಂಬು ತಂದರು. ಬೀದಿಯ ಉದ್ದಕ್ಕೂ ಕೂತರು. ಕೂತು ನೀರು ಕುಡಿದರು. ಮಕ್ಕಳನ್ನು ಕೂರಿಸಿ ಕುಡಿಸಿದರು. ಒಬ್ಬಳು ನೀರನ್ನು ನೋಡಿ ಅತ್ತಳು, ಅವಳ ಬೆನ್ನು ಅಲುಗಿದ್ದರಿಂದ ತಿಳಿಯಿತು. ಯಾರೂ ನನ್ನ ಕಡೆ ತಿರುಗಲಿಲ್ಲ.

"ಅಜ್ಜಿ, ಇದೇನಿದು?" ಎಂದೆ. "ಸುಳ್ಳು ಅಂತ ಆಯಿತಲ್ಲ."

"ಆಯಿತು. ಆ ಸುಳ್ಳಿನಿಂದ ಯಾರು ತಿರುಗಿದ್ದಾರೋ ಅವರನ್ನ ಕೇಳೋಣ, ತಾಳು." ಅವಳು ಗಂಜಿಯವಳನ್ನು ಕರೆದಳು. ಅವಳು ಕೂತಲ್ಲಿಂದಲೇ ಓ ಎಂದಳು. "ನೀನು ಯಾವತ್ತು ತಿರುಗಿದೆಯಮ್ಮ?"

"ಇವನು ಊರಿಗೆ ಬಂದ ಮೂರನೇ ದಿನ. ನಮ್ಮಣ್ಣನ್ನ ಕೊಡ ಅಂದನಲ್ಲ, ಆವತ್ತು."

ಸತ್ತ ಮುಳುಗುವವನು ಅವಳ ಅಣ್ಣ. ಆ ಊರಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅವಳ ಗಂಜಿಯನ್ನು ಐವತ್ತು ದಿನ ಕುಡಿದಿದ್ದೆ.

"ಯಾರು ಹೇಳಿದ ಕೆಟ್ಟದ್ದನ್ನ ನಂಬಿ ತಿರುಗಿದೆ?" ಎಂದಳು ಆಲಿಸುವವಳು.

"ಇವನೇ ಹೇಳಿದ್ದನ್ನ. ತಾನು ಎಂಥವನು ಅಂತ ದಿನಾ ಬೆಳಿಗ್ಗೆ ತಾನೇ ಕೂಗಿ ಹೇಳ್ತಿದ್ದ. ನಂಬಿದೆ."

ಬಡಗಿಯನ್ನು ಕೇಳಿದಳು. "ಐದನೇ ದಿನ. ನಿಮ್ಮೂರ ಬಾಗಿಲೆಲ್ಲ ಕುಳ್ಳರಿಗೆ ಮಾಡಿಸಿದ್ದು ಅಂದ." ಅಗಸನನ್ನು ಕೇಳಿದಳು. "ಎಂಟನೇ ದಿನ ಇರಬೇಕು. ಸರಿಯಾಗಿ ನೆನಪಿಲ್ಲ, ದಿನಾ ಏನೋ ಒಂದಿರ್ತಿತ್ತು." ಹಗ್ಗದವನು ಕೇಳುವ ಮೊದಲೇ ಹೇಳಿದ. "ನನ್ನದು ಮೊದಲನೇ ದಿನದ್ದು ಅಜ್ಜಿ. ಹಗ್ಗ ಹಿಡಿಯೋರು ಬೇಕಾಗಿಲ್ಲ ಅಂದನಲ್ಲ. ತಿರುಗಿ ನಿಂತೇ ಹಗ್ಗ ಹಿಡಿದಿದ್ದೆ."

ಒಬ್ಬೊಬ್ಬರಾಗಿ ಹೇಳಿದರು. ಯಾರೂ ಕೂಗಿ ಹೇಳಲಿಲ್ಲ, ನೀರು ಕುಡಿಯುವ ನಡುವೆ ಹೇಳಿದರು. ಹಗ್ಗದವನ ಮಾತು ಹುಟ್ಟುವ ಮೊದಲೇ ಅವರೆಲ್ಲ ತಿರುಗಿದ್ದರು. ನಾನು ನೀರಿನಲ್ಲಿ ನನ್ನ ಮುಖ ನೋಡುತ್ತಾ ಮಾತಾಡುತ್ತಿದ್ದಾಗ, ನನ್ನ ಹಿಂದೆ ಒಂದೊಂದೇ ಬೆನ್ನು ತಿರುಗಿತ್ತು. ಕುಂಬಾರರ ಬೀದಿಯವರನ್ನು ಕೇಳಿದಾಗ, ಅವರಲ್ಲಿ ಒಬ್ಬ, "ನಮ್ಮ ಮಡಕೆಯನ್ನ ಒದ್ದು ನೋಡಿದ್ದ" ಎಂದ. ನನಗೆ ನೆನಪೂ ಇರಲಿಲ್ಲ.

"ಹಗ್ಗದವನ ಮಾತು ಇವರ ಮುಖ ಕಿತ್ತುಕೊಳ್ಳಲಿಲ್ಲ ಮಗಾ" ಎಂದಳು ಆಲಿಸುವವಳು. "ಅವನು ಬರೋ ಹೊತ್ತಿಗೆ ಅಲ್ಲಿ ಮುಖ ಇರಲಿಲ್ಲ. ಇಲ್ಲದ್ದನ್ನ ಅವನಿಂದ ಹೇಗೆ ಕೊಡಿಸಲಿ?"

ನನಗೆ ಆಗ ಮಾತು ಬರಲಿಲ್ಲ. ಇದನ್ನು ಬೇಕಾದರೆ ನಂಬಬೇಡಿ. ನನಗೇ ನಂಬಲಾಗಲಿಲ್ಲ.

"ಇನ್ನೂ ಯಾರಾದರೂ ಇದ್ದೀರಾ?" ಎಂದು ಅವಳು ಕೇಳಿದಳು. ಪ್ರತಿ ಸಲವೂ ಕೇಳುವ ಮಾತು ಅದು, ಕೇಳಿ ಏಳುತ್ತಾಳೆ. ಏಳುತ್ತಿದ್ದಳು.

ಊರಿನ ಕಟ್ಟಕಡೆಯ ಬೀದಿಯ ಕಡೆಯಿಂದ ಒಂದು ದನಿ ಬಂತು. "ನಾನಿದ್ದೀನಿ."

ಸುಣ್ಣದವಳು ಎಂದು ಯಾರೋ ಹೇಳಿದರು. ಕಪ್ಪೆಚಿಪ್ಪು ಸುಟ್ಟು ಎಲೆಯಡಿಕೆಗೆ ಸುಣ್ಣ ಮಾಡುವವಳು. ನಾನು ಎಲೆ ಹಾಕುವುದಿಲ್ಲ, ಅವಳ ಬೀದಿಗೆ ಒಮ್ಮೆಯೂ ಹೋಗಿರಲಿಲ್ಲ. ಬೆನ್ನುಗಳನ್ನೆಲ್ಲ ಓದಿದವನು ಆ ಬೆನ್ನೊಂದನ್ನು ನೋಡಿರಲಿಲ್ಲ.

"ಯಾವತ್ತು ತಿರುಗಿದೆ ತಾಯಿ?"

"ಹಗ್ಗದವನ ಮಾತು ನಮ್ಮ ಬೀದಿಗೆ ಬಂತಲ್ಲ, ಆ ಸಂಜೆ."

"ಅಲ್ಲಿಯ ತನಕ?"

"ಅಲ್ಲಿಯ ತನಕ ಅವನ ಕಡೆಗೇ ಇದ್ದೆ."

"ಇವನ ಕೂಗು ನಿನಗೆ ಕೇಳಿಸ್ತಿರಲಿಲ್ವಾ?"

"ಕೇಳಿಸ್ತಿತ್ತು. ಸುಣ್ಣದ ಗೂಡು ಊದೋ ಕೆಲಸ ಬೆಳಿಗ್ಗೆ ಹೊತ್ತೇ ಅಲ್ವಾ. ಒಬ್ಬಳೇ ಊದ್ತಾ ಕೂತಿರ್ತೀನಿ, ಇವನ ಕತೆ ಬರ್ತಿತ್ತು. ಸುಣ್ಣಕ್ಕೆ ಬಂದವರಿಗೆಲ್ಲ ನಾನೂ ಹೇಳ್ತಿದ್ದೆ, ಇಂಥವನು ಬಂದಿದ್ದಾನೆ ಊರಿಗೆ ಅಂತ. ಆಮೇಲೆ ಮುಟ್ಟಲೇ ಇಲ್ಲವಂತೆ ಅಂದರು. ನಾಚಿಕೆಯಾಯಿತು. ತಿರುಗಿದೆ."

ಆಲಿಸುವವಳು ಮತ್ತೆ ಕೂತಳು. ಆಮೇಲೆ ಹಗ್ಗದವನಿಗೆ ಹೇಳಿದಳು. "ಹೋಗು. ಅಲ್ಲಿ ತನಕ ನಡೆದು ಹೋಗಿ ಹೇಳಿ ಬಾ. ಅದೊಂದು ನಿನ್ನ ಲೆಕ್ಕಕ್ಕೆ ಬರುತ್ತೆ."

ಹಗ್ಗದವನು ಮುಂದೆ ನಡೆದ, ನಾನು ಅವನ ಬೆನ್ನ ಹಿಂದೆ ನಡೆದೆ. ಗಂಜಿಯವಳ ಬೆನ್ನು ದಾಟಿದೆವು. ಬಡಗಿಯ ಬೆನ್ನು, ಅಗಸನ ಬೆನ್ನು ದಾಟಿದೆವು. ಎರಡೂ ಕಡೆ ಜನ ಕೂತು ನೀರು ಕುಡಿಯುತ್ತಿದ್ದರು, ನಾನು ತಳ ಮುಟ್ಟಿದ ನೀರು. ಬೀದಿ ಬಹಳ ಉದ್ದವಿತ್ತು. ಬಡಗಿಯ ಹತ್ತಿರ ನಾನು ನಿಂತು, "ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದೆ. ಅವನು ತಿರುಗಲಿಲ್ಲ. "ಮಗಳಿಗೆ" ಎಂದ. ನಡೆದೆವು.

ಕಟ್ಟಕಡೆಯ ಮನೆಯ ಮುಂದೆ ಒಂದು ಚಿಕ್ಕ ಬೆನ್ನು ನಿಂತಿತ್ತು, ಸೀರೆಗೆಲ್ಲ ಬಿಳಿ ಪುಡಿ.

"ಅಕ್ಕಾ" ಎಂದ ಹಗ್ಗದವನು. "ನಾನು ಹೇಳಿದ್ದು ಸುಳ್ಳು. ಹಗ್ಗ ಹದಿನೆಂಟಕ್ಕೆ ನಿಂತಿತು, ಅಷ್ಟೇ ನಾನು ಕಂಡದ್ದು. ಇವನು ತಳ ಮುಟ್ಟಿದ್ದಾನೆ." ಹೇಳಿ, ನನ್ನ ಕಡೆ ನೋಡದೆ, ಬಂದ ದಾರಿಯಲ್ಲಿ ಹೋದ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಿಧಾನವಾಗಿ ತಿರುಗಿದಳು.

ಎರಡು ತಿಂಗಳಾಗುತ್ತಾ ಬಂದಿತ್ತು, ನಾನು ಇನ್ನೊಬ್ಬರ ಕಣ್ಣನ್ನು ನೋಡಿ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಎಷ್ಟು ಮಾರು ಅಂದೆಯಪ್ಪ?" ಎಂದಳು.

"ಇಪ್ಪತ್ತು."

"ಅಯ್ಯೋ. ನಾನು ಎಲ್ಲರಿಗೂ ಇಪ್ಪತ್ತೈದು ಅಂತ ಹೇಳಿಬಿಟ್ಟಿದ್ದೀನಿ."

"ಇಪ್ಪತ್ತೇ" ಎಂದೆ.

"ಇರಲಿ ಬಿಡು. ಬಾ, ಕೂತು ನೀರು ಕುಡಿ."

ಮುನ್ನೂರು ಕೇಳಲು ಹೋಗಿದ್ದೆ. ನನಗೆ ಕೊಟ್ಟದ್ದು ಇದು: ಒಂದು ಮುಖ, ಐವತ್ತು ದಾಟಿದ್ದು, ಎಡಗೆನ್ನೆಯ ಮೇಲೆ ಸುಣ್ಣ ಸುಟ್ಟ ಕಲೆಯಿದ್ದದ್ದು, ನನ್ನ ಕಡೆ ತಿರುಗಿದ್ದು.